ಎತ್ತು, ಕೋಣ ಮತ್ತು ಒಂದು ಕೆಂಪು ಗೆರೆ

ಕಂಪ್ಯೂಟರಿನಲ್ಲಿ ಪ್ರೋಗ್ರಾಂ ಬರೆಯುವಾಗ ಏನಾದರೂ ತಪ್ಪಾದರೆ ಆ ಪದದ ಕೆಳಗೆ ಒಂದು ಕೆಂಪು ಗೆರೆ ಮೂಡುತ್ತದೆ. ನೆಟ್ಟಗಿನ ಗೆರೆಯಲ್ಲ, ದಾರಿ ತಪ್ಪಿದ ಇರುವೆ ಸಾಲಿನ ಹಾಗೆ ಅಂಕುಡೊಂಕು. ಬೈಲಹೊಂಗಲದ ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಅದು ಕಂಡರೆ ಸಾಕು, ಹುಡುಗಿಯರು ಸೆರಗಿಗೆ ಬೆಂಕಿ ಹತ್ತಿದ ಧ್ವನಿಯಲ್ಲಿ "ಮೇಡಂ, ಕೆಂಪ ಬಂತ್ರಿ" ಎನ್ನುತ್ತಾರೆ. ನಾನು ಸಾವಕಾಶ ಎದ್ದು ಹೋಗುತ್ತೇನೆ. ಮೊನ್ನೆ ಹಾಗೆ ಹೋಗಿ ಒಬ್ಬಳ ಪರದೆ ನೋಡಿದಾಗ ನನಗೆ ಥಟ್ಟನೆ ಒಂದು ಕೋಣದ ನೆನಪಾಗಿ ನಗು ಬಂದುಬಿಟ್ಟಿತು. ತನ್ನನ್ನು ನೋಡಿಯೇ ನಕ್ಕರೆಂದು ಆ ಹುಡುಗಿ ಮುಖ ಸಣ್ಣದು ಮಾಡಿದಳು. ಅವಳ ಸಮಾಧಾನಕ್ಕೆ ಹೇಳಿದ ಕತೆಯನ್ನೇ ನಿಮಗೂ ಹೇಳುತ್ತೇನೆ.

ಅದಕ್ಕೆ ಮೊದಲು ಟೈಪ್ ಅಂದರೇನು ಎಂಬುದು ನಿಮಗೆ ಗೊತ್ತಿರಬೇಕು. ಹೆದರಬೇಡಿ, ಪಾಠ ಮಾಡುವುದಿಲ್ಲ. ರಾಮದುರ್ಗದಲ್ಲಿ ನಮ್ಮಪ್ಪನಿಗೆ ಸೈಕಲ್ ರಿಪೇರಿ ಅಂಗಡಿ ಇತ್ತು. ಸಂಜೆ ಶಾಲೆ ಬಿಟ್ಟ ಮೇಲೆ ನಾನು ಅಲ್ಲಿ ಒಂದು ಮುರುಕು ಸ್ಟೂಲಿನ ಮೇಲೆ ಕೂತು ನಟ್ಟು ಬೋಲ್ಟುಗಳನ್ನು ಬೇರೆ ಬೇರೆ ಡಬ್ಬಿಗೆ ಹಾಕುತ್ತಿದ್ದೆ. ಕೈ ಎಷ್ಟು ತೊಳೆದರೂ ಸೀಮೆಎಣ್ಣೆ ವಾಸನೆ ಹೋಗುತ್ತಿರಲಿಲ್ಲ. ರಾತ್ರಿ ರೊಟ್ಟಿಗೂ ಅದೇ ವಾಸನೆ. ಎಷ್ಟೋ ದಿನ ನಾನು ಜೋಳದ ರೊಟ್ಟಿಯ ಪರಿಮಳವೇ ಅದು ಅಂದುಕೊಂಡಿದ್ದೆ. ಒಮ್ಮೆ ಒಂದು ನಟ್ಟನ್ನು ಅದರದಲ್ಲದ ಬೋಲ್ಟಿಗೆ ಹಾಕಿ, ಹಲ್ಲು ಕಚ್ಚಿ ಪಾನಾದಿಂದ ತಿರುವುತ್ತಿದ್ದೆ. ಅಪ್ಪ ಪಾನಾ ಇಸಿದುಕೊಂಡು ಹೇಳಿದ.

"ಜೋರ ಮಾಡಬ್ಯಾಡವ್ವಾ. ಕೂಡೂದಿದ್ರ ಎರಡ ಬೆರಳಿಗೆ ಕೂಡತೈತಿ. ಕೂಡಲಿಲ್ಲಂದ್ರ ಅದರ ಜೋಡಿ ಬ್ಯಾರೆ ಐತಿ."

ಮುಂದೆ ಕಾಲೇಜಿನಲ್ಲಿ ಟೈಪ್ ಪಾಠ ಬಂದಾಗ ಉಳಿದವರು ತಲೆ ಕೆರೆದುಕೊಂಡರು, ನನಗೆ ಮಾತ್ರ ಅಪ್ಪನ ಅಂಗಡಿ ಕಂಡಿತು. ಸಂಖ್ಯೆ ಇರಬೇಕಾದ ಕಡೆ ಸಂಖ್ಯೆ, ಹೆಸರು ಇರಬೇಕಾದ ಕಡೆ ಹೆಸರು. ಜಾವಾದಂಥ ಭಾಷೆಯಲ್ಲಿ ಯಾವುದು ಯಾವ ಬಗೆಯದೆಂದು ಮೊದಲೇ ಹೇಳಿಬಿಡಬೇಕು. ಕಂಪೈಲರ್ ಎಂಬುದೊಂದು ಇರುತ್ತದೆ. ಸೈಕಲ್ ರಸ್ತೆಗೆ ಇಳಿಯುವ ಮುಂಚೆಯೇ ಅದು ಪ್ರತಿ ನಟ್ಟನ್ನೂ ಎರಡು ಬೆರಳಲ್ಲಿ ತಿರುವಿ ನೋಡುತ್ತದೆ. ಕೂಡದಿದ್ದರೆ ಕೆಂಪು ಗೆರೆ.

ಅಂದಿನಿಂದ ನಾನು ಈ ಮತದ ಕಟ್ಟಾ ಭಕ್ತೆ. ನಮ್ಮ ಮನೆಯಲ್ಲಿ ಚಹದ ಚಮಚ ಸಾರಿನ ಚಮಚದ ಜಾಗದಲ್ಲಿ ಕೂತರೆ ನನಗೆ ನಿದ್ದೆ ಬರುವುದಿಲ್ಲ ಎಂದು ಯಜಮಾನರು ಬಂದವರ ಮುಂದೆಲ್ಲ ಹೇಳುತ್ತಾರೆ. ಅದು ಸುಳ್ಳು. ನಿದ್ದೆ ಬರುತ್ತದೆ, ಎದ್ದು ಹೋಗಿ ಸರಿ ಮಾಡಿ ಬಂದ ಮೇಲೆ.

ಇಂಥ ನನಗೆ ದೇವರು ಕೊಟ್ಟ ಸಹೋದ್ಯೋಗಿ ಶಬಾನಾ. ದಿನಾ ಕಿತ್ತೂರಿನಿಂದ ಬಸ್ಸಿಗೆ ಬರುತ್ತಾಳೆ, ನನಗಿಂತ ಸಣ್ಣವಳು, ನನ್ನನ್ನು ಅಕ್ಕಾ ಅನ್ನುತ್ತಾಳೆ. ಅವಳ ಹೆಗಲ ಚೀಲದಲ್ಲಿ ಸೀಮೆಸುಣ್ಣ, ಶೇಂಗಾ ಚಟ್ನಿಯ ಡಬ್ಬಿ, ಉತ್ತರಪತ್ರಿಕೆ, ಮಗಳ ಕಾಲ್ಚೀಲ ಎಲ್ಲವೂ ಕೂಡಿಯೇ ಇರುತ್ತವೆ. ಕೇಳಿದರೆ "ಚೀಲ ಅಂದ್ರ ಚೀಲ ಅಕ್ಕಾ, ಏನ್ ಹಾಕಿದ್ರೂ ಹಿಡೀತೈತಿ" ಅನ್ನುತ್ತಾಳೆ. ಅವಳು ಕಲಿಸುವ ಪೈಥಾನ್ ಭಾಷೆಯೂ ಹಾಗೇ. ಒಂದು ಹೆಸರಿನಲ್ಲಿ ಇಂದು ಸಂಖ್ಯೆ ಇಡಿ, ನಾಳೆ ಊರ ಹೆಸರು ಇಡಿ, ಅದು ಮೊದಲೇ ತಕರಾರು ಮಾಡುವುದಿಲ್ಲ. ವಸ್ತು ಯಾವ ಕುಲದ್ದು ಎಂದು ಕೇಳುವುದಿಲ್ಲ. ಕೆಲಸ ಹೇಳಿದಾಗ ಮಾಡಿದರೆ ಸರಿ, ಮಾಡದಿದ್ದರೆ ಆಗ ನೋಡೋಣ.

ಮಧ್ಯಾಹ್ನ ಡಬ್ಬಿ ಬಿಚ್ಚಿದೊಡನೆ ನಮ್ಮ ಜಗಳ ಶುರುವಾಗುತ್ತಿತ್ತು.

"ನಿಮ್ಮ ಜಾವಾ ಅಂದ್ರ ಹಳೇ ಸ್ವಾದರತ್ತಿ ಇದ್ಧಂಗ. ಬಾಗಲದಾಗ ನಿಂತು 'ಯಾರ ಮಗಾ ನೀ, ಯಾ ಊರು' ಅಂತ ಕೇಳತೈತಿ," ಎನ್ನುತ್ತಿದ್ದಳು ಅವಳು.

"ನಿಂದು ಒಳಗ ಕರದು, ಎಲಿ ಹಾಕಿ, ಹೋಳಗಿ ಬಡಿಸಿದ ಮ್ಯಾಲೆ 'ಅಲ್ಲ, ನೀವ್ಯಾರು' ಅಂತೈತಿ," ಎನ್ನುತ್ತಿದ್ದೆ ನಾನು.

ಹೀಗಿರುವಾಗ ಹೋದ ಬೇಸಿಗೆಯ ಶುರುವಿನಲ್ಲಿ ಒಬ್ಬ ನಿವೃತ್ತ ದನದ ಡಾಕ್ಟರು ನಮ್ಮ ವಿಭಾಗಕ್ಕೆ ಬಂದರು. ಸವದತ್ತಿ ರಸ್ತೆಯ ಕೆಲವು ರೈತರು ಕೂಡಿ ಒಂದು ಸ್ಪರ್ಧೆ ಇಟ್ಟಿದ್ದರು. ಬೆಳಿಗ್ಗೆ ಎತ್ತು, ಕೋಣ, ಟಗರುಗಳ ಪ್ರದರ್ಶನ. ಮಧ್ಯಾಹ್ನ ರಂಟೆ, ಅಂದರೆ ನೇಗಿಲು, ಹೊಡೆಯುವ ಪೈಪೋಟಿ. ಯಾರ ಸಾಲು ನೆಟ್ಟಗಿರುತ್ತದೋ ಅವರು ಗೆದ್ದಂತೆ. ಡಾಕ್ಟರಿಗೆ ಒಂದೇ ಆಸೆ.

"ಎಲ್ಲಾ ಕಂಪ್ಯೂಟರ್‌ದಾಗ ಆಗಬೇಕ್ರಿ ಮೇಡಂ. ಯಾರ ಜೋಡಿ ಹೊಲದ ಯಾವ ಪಟ್ಟೀಕ ಇಳೀಬೇಕು ಅಂತ ದೊಡ್ಡ ಪರದಾದ ಮ್ಯಾಲೆ ಬರಬೇಕು. ಹೋದ ಸಲ ಚೀಟಿ ಎತ್ತಿ ನಾ ಸಾಕಾಗಿ ಹೋಗೇನಿ."

ನಾವಿಬ್ಬರೂ ಒಪ್ಪಿದೆವು, ಆಮೇಲೆ ಯಾವ ಭಾಷೆಯಲ್ಲಿ ಬರೆಯಬೇಕೆಂದು ವಾರವಿಡೀ ಜಗಳಾಡಿದೆವು. ನಾನು ಹಿರಿಯಳು, ಗೆದ್ದೆ. ಕರಿಹಲಗೆಯ ಮೇಲೆ ಮೇಲ್ಗಡೆ 'ಪ್ರಾಣಿ' ಎಂದು ಬರೆದೆ. ಅದರ ಮಕ್ಕಳಂತೆ ಕೆಳಗೆ ಎತ್ತು, ಕೋಣ, ಟಗರು. ಪಕ್ಕದಲ್ಲಿ 'ಜೋಡಿ'. ಜೋಡಿಯೊಳಗೆ ಎರಡು ಜಾಗ, ಎರಡೂ ಜಾಗದಲ್ಲಿ ಎತ್ತೇ ಇರಬೇಕು. ಮತ್ತೊಂದು ಕಡೆ 'ವ್ಯಕ್ತಿ', ರಂಟೆ ಹಿಡಿಯುವವರು.

"ಎರಡೂ ಎತ್ತs ಯಾಕ ಬೇಕು ಅಕ್ಕಾ?" ಶಬಾನಾ ಕೇಳಿದಳು.

"ಮತ್ತ ಟಗರ ಕಟ್ಟತಾರೇನು?" ಎಂದೆ. ಎಷ್ಟು ಶಿಸ್ತಾದ ಪ್ರೋಗ್ರಾಂ ಎಂದು ನಾನೇ ಹಲಗೆಯನ್ನು ಸ್ವಲ್ಪ ಹೊತ್ತು ದೂರದಿಂದ ನೋಡುತ್ತ ನಿಂತೆ.

ಸ್ಪರ್ಧೆಯ ದಿನ ಕರಿ ಎರೆಯ ಹೊಲದ ಅಂಚಿಗೆ ಪೆಂಡಾಲು ಹಾಕಿದ್ದರು. ಬಿಸಿಲಿಗೆ ನೆಲ ಬಿರುಕು ಬಿಟ್ಟಿತ್ತು. ಹೊಲದ ಆ ಕಡೆ ಹೊಸದಾಗಿ ತೋಡಿದ ಕೃಷಿ ಹೊಂಡ, ಅದರ ತುಂಬ ನೀರು. ಬೆಳಗಿನ ಪ್ರದರ್ಶನ ಸುಸೂತ್ರವಾಗಿ ಮುಗಿಯಿತು. ಮಧ್ಯಾಹ್ನದ ಜೋಡಿಗಳ ನೋಂದಣಿ ನಡೆದಿದ್ದಾಗ ಕಚ್ಚೆ ಸೀರೆಯ, ಗಟ್ಟಿ ಮೈಕಟ್ಟಿನ ಹೆಣ್ಣುಮಗಳೊಬ್ಬಳು ಬಾರುಕೋಲು ಹೆಗಲ ಮೇಲೆ ಇಟ್ಟುಕೊಂಡು ನನ್ನ ಮೇಜಿನ ಮುಂದೆ ನಿಂತಳು. ಹೆಸರು ನೀಲವ್ವ, ಊರು ಚಚಡಿ. ಅವಳ ಹಿಂದೆ, ದನಗಳಿಂದ ಸಾಕಷ್ಟು ದೂರದಲ್ಲಿ, ಇಸ್ತ್ರಿ ಮಾಡಿದ ಬಿಳಿ ಅಂಗಿಯ ಗಂಡ. ಅವರು ಸವದತ್ತಿಯಲ್ಲಿ ಟೇಲರ್. ಹೊಲ ನೀಲವ್ವನ ತವರಿನಿಂದ ಬಂದದ್ದು. ಗಂಡನ ಹೆಸರಲ್ಲೇ ಬಸವಣ್ಣನಿದ್ದ, ಬಸವಣ್ಣೆಪ್ಪ ಎಂದು. ಆದರೆ ಎತ್ತು ಬಾಲ ಅಲ್ಲಾಡಿಸಿದರೆ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು.

"ಜೋಡಿ ಬರಕೋರಿ ಅಕ್ಕೋರ. ಸರ್ಜಾ, ಭೀಮ್ಯಾ," ಎಂದಳು ನೀಲವ್ವ.

ಬೆಳಗಿನ ಪ್ರದರ್ಶನದ ಪಟ್ಟಿಯಲ್ಲಿ ಸರ್ಜಾ ಸಿಕ್ಕಿತು. ಭೀಮ್ಯಾ ಎತ್ತುಗಳ ಸಾಲಿನಲ್ಲಿ ಇರಲೇ ಇಲ್ಲ. ತಲೆ ಎತ್ತಿ ನೋಡಿದೆ. ಬೆಳ್ಳನೆಯ ಎತ್ತಿನ ಪಕ್ಕದಲ್ಲಿ, ಅದರ ಕುತ್ತಿಗೆಗೆ ಗದ್ದ ತಿಕ್ಕುತ್ತ, ಇದ್ದಿಲಿನಂಥ ಒಂದು ಕೋಣ ನಿಂತಿತ್ತು.

"ಇದು ಕ್ವಾಣಲ್ಲೇನ್ರಿ?"

"ಹೌದ್ರಿ, ಕ್ವಾಣs. ಸರ್ಜಾನ ಜೋಡಿ ಎತ್ತು ತೀರಿಕೊಂತ್ರಿ. ಬ್ಯಾರೆ ಎತ್ತ ತಂದು ಕಟ್ಟಿದ್ರ ಇವ ಕಾಲs ಎತ್ತವಲ್ಲ. ಇದು ತಾಯಿಲ್ಲದ ಕರ ಇತ್ತು, ಸರ್ಜಾನ ಗ್ವಾದ್ಲ್ಯಾಗs ಮೇವ ತಿಂದು ಬೆಳೀತು. ಒಂದಿನ ನಗಚಾಟಕಿಗೆ ಇದರ ಹೆಗಲಿಗೆ ನೊಗಾ ಇಟ್ಟೆ. ಸರ್ಜಾ ನಡದs ಬಿಟ್ಟ. ಅವತ್ತಿಂದ ಇವರಿಬ್ರs ಜೋಡಿ."

ಹಿಂದೆ ನಿಂತಿದ್ದ ಹೂಲಿಯ ಗೌಡರು ಮೀಸೆ ಮೇಲೆ ಕೈಯಿಟ್ಟರು. ಸುತ್ತಿನ ಹಳ್ಳಿಗಳಲ್ಲಿ ಅವರ ಎತ್ತುಗಳನ್ನು ಮೀರಿಸಿದ ಜೋಡಿ ಇರಲಿಲ್ಲ.

"ಡಾಕ್ಟ್ರ, ಇದು ಎತ್ತಿನ ಸ್ಪರ್ಧಾನೋ, ಎಮ್ಮಿ ಸಂತಿನೋ?"

"ಮ್ಯಾಲೆ ಹೆಣ್ಣಮಗಳು ರಂಟಿ ಹಿಡೀತಾಳಂತ," ಎಂದು ಅವರ ಪಕ್ಕದಲ್ಲಿದ್ದ ಇನ್ನೊಬ್ಬರು ದನಿಗೂಡಿಸಿದರು.

ಎರಡನೆಯ ತಕರಾರನ್ನು ಶಬಾನಾ ಅಲ್ಲೇ ಮುಗಿಸಿದಳು. "ರಂಟಿ ಹಿಡಿಯೋರು 'ವ್ಯಕ್ತಿ' ಆಗಿರಬೇಕು ಅಂತ ಐತ್ರಿ ಕಂಪ್ಯೂಟರ್‌ದಾಗ. ಇವರು ವ್ಯಕ್ತಿ ಹೌದಲ್ಲ? ಅದು ಮುಂದ ಏನೂ ಕೇಳಂಗಿಲ್ಲ." ಸುತ್ತ ನಿಂತವರು ನನ್ನ ಪ್ರೋಗ್ರಾಮನ್ನು ಹೊಗಳಿದರು. ಹಲಗೆಯ ಮೇಲೆ 'ಗಂಡಸು' ಎಂದು ಬರೆಯದೆ 'ವ್ಯಕ್ತಿ' ಎಂದು ಬರೆದದ್ದು ನಾನೇ, ಅದೂ ಏನೂ ಯೋಚಿಸದೆ. ಬಂದ ಹೊಗಳಿಕೆಯನ್ನೆಲ್ಲ ಮಾತ್ರ ಸುಮ್ಮನೆ ಇಟ್ಟುಕೊಂಡೆ.

ಕೋಣದ ಪ್ರಶ್ನೆ ಅಷ್ಟು ಸುಲಭವಿರಲಿಲ್ಲ. ಡಾಕ್ಟರು ಒಮ್ಮೆ ಗೌಡರನ್ನು, ಒಮ್ಮೆ ನೀಲವ್ವನ ಬಾರುಕೋಲನ್ನು ನೋಡಿದರು. ಇಬ್ಬರನ್ನೂ ಎದುರು ಹಾಕಿಕೊಳ್ಳುವ ಧೈರ್ಯ ಅವರಿಗಿರಲಿಲ್ಲ.

"ನೋಡ್ರಿ, ಕಂಪ್ಯೂಟರ್ ತಗೊಂಡ್ರ ನಾನೂ ತಗೋತೇನಿ. ಅದು ಒಲ್ಲೆ ಅಂದ್ರ ಇಲ್ಲ."

ಎಲ್ಲರ ಕಣ್ಣೂ ನನ್ನ ಲ್ಯಾಪ್‌ಟಾಪಿನ ಮೇಲೆ ಬಿದ್ದವು. ಇನ್ನೇನು ಊಟ ಮುಗಿದರೆ ಸ್ಪರ್ಧೆ ಶುರು. ಡಾಕ್ಟರು ಬಗ್ಗಿ ನನ್ನ ಕಿವಿಯಲ್ಲಿ, "ಎತ್ತ ಅಂತ ಬರದ ಬಿಡ್ರಿ ಮೇಡಂ, ಯಾರ ನೋಡಬೇಕು," ಎಂದರು. ಅದು ನೀಲವ್ವನಿಗೆ ಕೇಳಿಸಿತು.

"ಬ್ಯಾಡ್ರಿ. ಅವ ಕ್ವಾಣ ಆಗಿ ಹುಟ್ಟ್ಯಾನ, ಕ್ವಾಣ ಆಗೇ ರಂಟಿ ಎಳೀತಾನ. ಎತ್ತ ಅಂತ ಬರದು ಅವ ಗೆದ್ರ, ಗೆದ್ದವ ಯಾರಾದಂಗಾತು?"

ಶಬಾನಾ ಮತ್ತು ನಾನು ಲ್ಯಾಪ್‌ಟಾಪ್ ಎತ್ತಿಕೊಂಡು ಬೇವಿನ ಮರದ ನೆರಳಿಗೆ ಹೋದೆವು. ನೀಲವ್ವನೂ ಬಂದು ಎದುರಿಗೆ ಕೂತಳು. ನಮ್ಮಿಬ್ಬರ ಮುಖವನ್ನು ಅವಳು ಆಸ್ಪತ್ರೆಯಲ್ಲಿ ಡಾಕ್ಟರ ಮುಖ ನೋಡುವ ಹಾಗೆ ನೋಡುತ್ತಿದ್ದಳು.

ಮೊದಲು ಜೋಡಿಯ ಎರಡನೆಯ ಜಾಗದಲ್ಲಿ ಭೀಮ್ಯಾನನ್ನು ಇಟ್ಟೆ. ಕೆಂಪು ಗೆರೆ. 'ಇದನ್ನು ಎತ್ತೆಂದೇ ತಿಳಿ' ಎಂದು ಕಂಪೈಲರಿಗೆ ಆಜ್ಞೆ ಮಾಡುವ ಒಂದು ದಾರಿ ಇದೆ. ಮಾಡಿದೆ. ಕೋಣ ಎಂದಾದರೂ ಎತ್ತಾದೀತೇ ಎಂದು ಅದು ಮತ್ತೆ ಕೆಂಪು ಗೆರೆ ಎಳೆಯಿತು. ಅದಕ್ಕೂ ಒಂದು ಕಳ್ಳದಾರಿ ಉಂಟು. ಮೊದಲು ಕೋಣವನ್ನು ಬರೀ 'ಪ್ರಾಣಿ' ಎಂದು ಪರಿಚಯಿಸಿ, ಆಮೇಲೆ ಆ ಪ್ರಾಣಿಯನ್ನು ಎತ್ತು ಎನ್ನುವುದು. ಪ್ರಾಣಿ ಎಂದರೆ ಎತ್ತೂ ಇದ್ದೀತು ಎಂದು ಕಂಪೈಲರ್ ನಂಬಿತು, ಗೆರೆ ಮಾಯವಾಯಿತು. ಪ್ರೋಗ್ರಾಂ ಓಡಿಸಿದೆ. ಭೀಮ್ಯಾನ ಹೆಸರು ಬರುವವರೆಗೆ ಓಡಿ, ಅಲ್ಲಿ ಇವನು ಎತ್ತಲ್ಲ ಎಂದು ಗೊತ್ತಾಗಿ ದಬಕ್ಕನೆ ಬಿತ್ತು. ಜೋರು ಮಾಡಿ ಕೂರಿಸಿದ ನಟ್ಟು ರಸ್ತೆಯಲ್ಲಿ ಕಳಚಿಕೊಳ್ಳುವುದು ಹೀಗೇ.

"ಎರಡೂ ಜಾಗಾಕ 'ಪ್ರಾಣಿ' ಅಂತ ಮಾಡ್ರಿ ಅಕ್ಕಾ. ಯಾರ ಬಂದ್ರೂ ಬರ್ಲಿ," ಎಂದಳು ಶಬಾನಾ, ತನ್ನ ಮತ ಗೆದ್ದ ಉತ್ಸಾಹದಲ್ಲಿ.

ಹಾಗೇ ಮಾಡಿದೆ. ಭೀಮ್ಯಾ ಬಂದ. ಅವನ ಹಿಂದೆಯೇ ಬೆಳಗಿನ ಪ್ರದರ್ಶನದ ಅಷ್ಟೂ ಟಗರುಗಳು ಜೋಡಿಯ ಸಾಲಿಗೆ ಬಂದು ನಿಂತವು. ಶಬಾನಾ ಪರದೆಯನ್ನು ನೋಡಿದಳು.

"ಇದು ನನಗೂ ಸ್ವಲ್ಪ ಜಾಸ್ತಿ ಆತು," ಎಂದಳು.

ಆಮೇಲೆ ಅವಳು ನಿಧಾನವಾಗಿ ಹೇಳಿದಳು. "ನೀವು ಅವ ಯಾರ ಹೊಟ್ಟೀಲೆ ಹುಟ್ಟ್ಯಾನ ಅಂತ ಕೇಳತೀರಿ. ನಾ ಅವ ಏನ ಮಾಡತಾನ ಅಂತ ಕೇಳತೇನಿ. ನೊಗಾ ಹೊರೂದಷ್ಟs ಬೇಕಾಗಿತ್ತಂದ್ರ..."

"ಇಂಟರ್‌ಫೇಸ್," ಎಂದೆ.

ಪ್ರತಿ ವರ್ಷ ಕಲಿಸುವ ಪಾಠ ಅದು. ಇಂಟರ್‌ಫೇಸ್ ಅಂದರೆ ಒಂದು ಕರಾರು. ಇಂತಿಂಥ ಕೆಲಸ ಮಾಡಬಲ್ಲೆ ಎಂದು ಒಪ್ಪಿದವರು ಯಾರೇ ಇರಲಿ, ಯಾವ ಕುಲದವರೇ ಇರಲಿ, ಒಳಗೆ ಬರಬಹುದು. ಆದರೆ ಒಪ್ಪಿಗೆಯನ್ನು ಮೊದಲೇ ಕೊಡಬೇಕು, ಕೊಟ್ಟಿದ್ದಾರೋ ಇಲ್ಲವೋ ಎಂದು ಕಂಪೈಲರ್ ಬಾಗಿಲಲ್ಲೇ ನೋಡುತ್ತದೆ. ನನಗೆ ಬೇಕಾದ ಕಟ್ಟುನಿಟ್ಟೂ ಅದರಲ್ಲಿತ್ತು, ಶಬಾನಾಳಿಗೆ ಬೇಕಾದ ಸಡಿಲವೂ ಇತ್ತು. ಅದಕ್ಕೆ 'ನೊಗದವ' ಎಂದು ಹೆಸರಿಟ್ಟೆವು. ಕರಾರಿನಲ್ಲಿ ಏನೇನು ಇರಬೇಕೆಂದು ನೀಲವ್ವನನ್ನೇ ಕೇಳಿದೆ.

"ಎಳೀತಾನೇನ್ರಿ?"

"ಎಳೀತಾನ."

"ಸಾಲ ಮುಗದ ಮ್ಯಾಲೆ ತಿರಗತಾನ?"

"ತಿರಗತಾನ."

"ನಿಲ್ಲು ಅಂದ್ರ ನಿಲ್ಲತಾನ?"

ನೀಲವ್ವ ಒಮ್ಮೆ ಕೋಣದ ಕಡೆ ತಿರುಗಿ ನೋಡಿದಳು. "ನಿಲ್ಲತಾನ್ರಿ. ನೀರ ಕಾಣಲಿಲ್ಲಂದ್ರ."

ಅವಸರದಲ್ಲಿ ನಾವು 'ನಿಲ್ಲುತ್ತಾನೆ' ಎಂದಷ್ಟೇ ಬರೆದೆವು. ಎತ್ತು ನೊಗದವ. ಕೋಣ ನೊಗದವ. ಜೋಡಿ ಎಂದರೆ ಇಬ್ಬರು ನೊಗದವರು. ಪರೀಕ್ಷೆಗೆಂದು ಒಂದು ಟಗರನ್ನು ಸೇರಿಸಿದೆ, ಕೂಡಲೇ ಕೆಂಪು ಗೆರೆ ಬಂತು. ಅದನ್ನು ಕಂಡು ಅಷ್ಟು ಸಂತೋಷ ನನಗೆ ಹಿಂದೆಂದೂ ಆಗಿರಲಿಲ್ಲ. ಟಗರು ತೆಗೆದು ಭೀಮ್ಯಾನನ್ನು ಇಟ್ಟೆ. ಪರದೆ ಸ್ವಚ್ಛ.

ದೊಡ್ಡ ಪರದೆಯ ಮೇಲೆ ಮೂಡಿದ ಹೆಸರನ್ನು ಗೌಡರು ಕಣ್ಣು ಕಿರಿದು ಮಾಡಿ ಓದಿದರು. "ನೊಗದವ. ನನ್ನ ಎತ್ತೂ ಇದರಾಗ ಅದಾವೇನ್ರಿ?"

"ಅದಾವ್ರಿ ಗೌಡ್ರ."

"ಹಂಗಾರ ಇರ್ಲಿ ಬಿಡ್ರಿ. ಉಳದದ್ದು ನೆಲಾ ಹೇಳತೈತಿ."

ಗೌಡರ ಎತ್ತುಗಳು ಹೊಲವನ್ನು ಬಟ್ಟೆ ಕತ್ತರಿಸಿದಂತೆ ಸೀಳಿಕೊಂಡು ಹೋದವು. ಆಮೇಲೆ ನೀಲವ್ವನ ಸರದಿ. ಒಂದು ಬಿಳಿ, ಒಂದು ಕರಿ. ಒಂದು ಎತ್ತರ, ಒಂದು ಗಿಡ್ಡ. ಜನ ಮೊದಲು ಕೇಕೆ ಹಾಕಿದರು. ಅವಳು ಬಾರುಕೋಲು ಬೀಸಲಿಲ್ಲ, ನಾಲಿಗೆಯಿಂದ ಒಂದು ಸಣ್ಣ ಸದ್ದು ಮಾಡಿದಳು, ಅಷ್ಟೇ. ಸರ್ಜಾ ತನ್ನ ಹೆಜ್ಜೆಯನ್ನು ಕೋಣದ ಹೆಜ್ಜೆಗೆ ತಕ್ಕಷ್ಟು ಗಿಡ್ಡ ಮಾಡಿಕೊಂಡಿದ್ದ. ಬಹಳ ನಿಧಾನ. ಆದರೆ ಹಿಂದೆ ಬಿದ್ದ ಸಾಲು ದಾರ ಹಿಡಿದು ಎಳೆದಂತಿತ್ತು. ಕೇಕೆ ತಾನಾಗಿ ನಿಂತಿತು. ಸಾಲಿನ ಕೊನೆಗೆ ನೆಟ್ಟ ಕೋಲನ್ನು ಅವರು ದಾಟಿದರು, ಜನ ಚಪ್ಪಾಳೆ ತಟ್ಟಿದರು.

ಅಷ್ಟರಲ್ಲಿ ಭೀಮ್ಯಾನ ಕಿವಿ ಹೊಂಡದ ಕಡೆ ತಿರುಗಿತು.

"ನಿಲ್ಲು," ಎಂದಳು ನೀಲವ್ವ. ಸರ್ಜಾ ನಿಂತ. ಭೀಮ್ಯಾ ನಿಲ್ಲಲಿಲ್ಲ. ಅವನ ಭಾರಕ್ಕೆ ಸರ್ಜಾನೂ ದರದರ ಎಳೆಸಿಕೊಂಡು ಹೋದ. ರಂಟೆ ಮಗ್ಗುಲಾಯಿತು, ನೀಲವ್ವ ಕೈ ಬಿಟ್ಟಳು, ಎರಡೂ ಪ್ರಾಣಿಗಳು ಒಡ್ಡು ಇಳಿದು ನೀರಿಗೆ ಬಿದ್ದವು. ಜನ ಹೊಟ್ಟೆ ಹಿಡಿದು ನಕ್ಕರು. ಆದರೆ ಮರುಗಳಿಗೆ ನಗು ನಿಂತುಹೋಯಿತು. ಕೋಣ ಮೂಗಿನವರೆಗೆ ಮುಳುಗಿ ಸುಖವಾಗಿ ಕೂತಿತ್ತು, ಅದರೊಂದಿಗೆ ನೊಗವೂ ಕೆಳಗಿಳಿದು ಸರ್ಜಾನ ಕುತ್ತಿಗೆಯನ್ನು ನೀರಿಗೆ ಒತ್ತಿತ್ತು. ಅವನು ಮೂಗನ್ನಷ್ಟೇ ಮೇಲೆತ್ತಿ ಬುಸುಗುಡುತ್ತಿದ್ದ.

ಹಗ್ಗ ತರಲು ಒಬ್ಬಿಬ್ಬರು ಓಡಿದರು. ಅವರಿಗಿಂತ ಮುಂಚೆ ಬಿಳಿ ಅಂಗಿಯೊಂದು ನಮ್ಮ ಮೇಜಿನ ಪಕ್ಕದಿಂದ ಹಾದುಹೋಯಿತು. ದಿನವೆಲ್ಲ ದನಗಳಿಂದ ಮಾರು ದೂರ ನಿಂತಿದ್ದ ಬಸವಣ್ಣೆಪ್ಪ ಚಪ್ಪಲಿ ಸಮೇತ ಹೊಂಡಕ್ಕೆ ಜಿಗಿದಿದ್ದರು. ನೀರಿನಲ್ಲಿ ನೆನೆದು ಬಿಗಿದ ಕೊರಳಹಗ್ಗದ ಗಂಟು ಬೆರಳಿಗೆ ಬಿಚ್ಚಲಿಲ್ಲ. ಅವರು ಎತ್ತಿನ ಗದ್ದಕ್ಕೆ ಕೆನ್ನೆ ಹಚ್ಚಿ, ಗಂಟನ್ನು ಹಲ್ಲಿನಿಂದ ಕಚ್ಚಿ ಎಳೆದರು. ಗಂಟು ಬಿಚ್ಚಿತು. ಸರ್ಜಾ ತಲೆ ಎತ್ತಿ ಒಂದು ದೀರ್ಘ ಉಸಿರು ಬಿಟ್ಟ. ಆ ಉಸಿರು ಪೆಂಡಾಲಿನವರೆಗೂ ಕೇಳಿಸಿತು. ಮೊದಲು ಹಗ್ಗ ಎಸೆದು ಅವನನ್ನು ದಂಡೆಗೆ ಎಳೆದವರು ಹೂಲಿಯ ಗೌಡರೇ.

ನೀಲವ್ವ ಓಡಿ ಬಂದಳು. ಎತ್ತನ್ನು ನೋಡಿದಳು, ಗಂಡನನ್ನು ನೋಡಿದಳು. "ನಿಮಗ ಈಜ ಬರತೈತೇನು?" ಎಂದು ಕೇಳಿದಳು.

"ಇಲ್ಲ," ಎಂದರು ಬಸವಣ್ಣೆಪ್ಪ, ಎತ್ತಿನ ಕೊರಳನ್ನು ಇನ್ನೂ ಬಿಡದೆ.

ನೀಲವ್ವ ಸೆರಗಿನಿಂದ ಅವರ ಮುಖ ಒರೆಸಿದಳು, ಅದೇ ಸೆರಗಿನಿಂದ ಎತ್ತಿನ ಮುಖವನ್ನೂ ಒರೆಸಿದಳು. ಭೀಮ್ಯಾ ಮಾತ್ರ ಸಂಜೆಯ ತಂಪು ಇಳಿಯುವವರೆಗೆ ಮೇಲೆ ಬರಲಿಲ್ಲ.

"ನಿಲ್ಲತಾನ ಅಂತ ಬರಕೊಂಡಿದ್ವಲ್ಲ ಅಕ್ಕಾ," ಎಂದು ಶಬಾನಾ ನನ್ನನ್ನು ಚುಚ್ಚಿದಳು. ಬರೆದುಕೊಂಡಿದ್ದೆವು. 'ನಿಲ್ಲು' ಎಂಬ ಕೆಲಸ ಇದೆಯೇ ಎಂದಷ್ಟೇ ಟೈಪ್ ನೋಡುತ್ತದೆ, ಬಿಸಿಲಲ್ಲಿ ನೀರು ಕಂಡಾಗ ನಿಲ್ಲುತ್ತಾನೆಯೇ ಎಂದು ನೋಡುವುದಿಲ್ಲ. ಬಾಗಿಲು ಕಾಯುವ ಸ್ವಾದರತ್ತಿ ಒಳಗೆ ಬಂದವರ ಮನಸ್ಸನ್ನೂ ಕಾಯಬೇಕೆಂದರೆ ಹೇಗೆ? ಈ ಸಮಾಧಾನವನ್ನು ನಾನು ಶಬಾನಾಳಿಗೆ ಹೇಳಿದೆ. ಅವಳು ನಂಬಿದಂತೆ ಕಾಣಲಿಲ್ಲ.

ಗೌಡರ ಜೋಡಿಗೆ ಮೊದಲ ಬಹುಮಾನ ಬಂತು, ಅದರಲ್ಲಿ ಎರಡು ಮಾತಿರಲಿಲ್ಲ. ಎರಡನೆಯದಕ್ಕೆ ಡಾಕ್ಟರು ಅನುಮಾನಿಸಿದರು. ಹೊಂಡಕ್ಕೆ ಹೋದ ಜೋಡಿ ಸ್ಪರ್ಧೆ ಮುಗಿಸಿದ ಲೆಕ್ಕವೋ ಅಲ್ಲವೋ? ಈ ಸಲ ಅವರು ಕಂಪ್ಯೂಟರನ್ನು ಕೇಳಲಿಲ್ಲ. ಗೌಡರೇ ಎದ್ದು ನಿಂತು ಹೇಳಿದರು.

"ಸಾಲು ಮುಗದಿತ್ತಲ್ರಿ? ಮುಗದ ಮ್ಯಾಲೆ ಅವ ಜಳಕಾ ಮಾಡ್ಲಿ, ಬಿಡ್ಲಿ, ಅದು ಅವನ ಇಚ್ಛಾ."

ಎರಡನೆಯ ಬಹುಮಾನದ ಹಿತ್ತಾಳೆಯ ಕೊಡ ಚಚಡಿಗೆ ಹೋಯಿತು.

ಕಾರಹುಣ್ಣಿಮೆಗೆ ನೀಲವ್ವ ನಮ್ಮಿಬ್ಬರನ್ನೂ ಊರಿಗೆ ಕರೆದಳು. ಹೋಳಿಗೆ ಉಂಡು ಹೊರಗೆ ಬರುವ ಹೊತ್ತಿಗೆ ಹಳೆಯ ವಾಡೆಯ ಮುಂದಿನ ಬೀದಿಯಲ್ಲಿ ಕೊಂಬಿಗೆ ಬಣ್ಣ ಹಚ್ಚಿದ ಎತ್ತುಗಳ ಮೆರವಣಿಗೆ ಹೊರಟಿತ್ತು. ನಡುವೆ ಸರ್ಜಾ, ಅವನ ಪಕ್ಕದಲ್ಲಿ ಭೀಮ್ಯಾ. ಇಬ್ಬರ ಬೆನ್ನ ಮೇಲೂ ಕನ್ನಡಿ ಚೂರು ಕೂರಿಸಿದ ಕೆಂಪು ಬಟ್ಟೆಯ ಝೂಲ, ಅಂಚಿಗೆ ಹಳದಿ ಗೊಂಡೆ. ಹೊಲಿದವರು ಬಸವಣ್ಣೆಪ್ಪ. ಒಂದು ಕೈ ಎತ್ತಿನ ಮೇಲೆ, ಒಂದು ಕೈ ಕೋಣದ ಮೇಲೆ ಇಟ್ಟುಕೊಂಡು ನಡುವೆ ನಡೆಯುತ್ತಿದ್ದರು.

ಬೇರೆ ಊರಿನಿಂದ ಬಂದ ನೆಂಟರೊಬ್ಬರು ಕಟ್ಟೆಯ ಮೇಲಿಂದ ಕೂಗಿ ಕೇಳಿದರು. "ಏನ್ರಿ ಟೇಲರ್ರ, ಎತ್ತಿನ ಹಬ್ಬದಾಗ ಕ್ವಾಣಕ್ಕ್ಯಾಕ ಝೂಲಾ?"

ಇಂಟರ್‌ಫೇಸಿನ ಪಾಠ ಶುರು ಮಾಡಲು ನಾನು ಬಾಯಿ ತೆರೆದೆ. ಶಬಾನಾ ನನ್ನ ಕೈ ಹಿಡಿದಳು.

"ಬಟ್ಟಿ ಉಳದಿತ್ರಿ," ಎಂದರು ಬಸವಣ್ಣೆಪ್ಪ, ನಡಿಗೆ ನಿಲ್ಲಿಸದೆ.

ಸರ್ಜಾನ ಝೂಲಕ್ಕಿಂತ ಭೀಮ್ಯಾನ ಝೂಲಕ್ಕೇ ಹೆಚ್ಚು ಬಟ್ಟೆ ಹಿಡಿದಿತ್ತು. ಬೀದಿಯಲ್ಲಿ ನಿಂತ ಎಲ್ಲರಿಗೂ ಅದು ಕಾಣುತ್ತಿತ್ತು.